ರೈನ್ ನದಿಯ ದಂಡೆಯಲ್ಲಿ ರಸಾಯನಶಾಸ್ತ್ರದ ಪಾಠ

ಅಮೆರಿಕದ ಕಾಲೇಜುಗಳಲ್ಲಿ ಬೇಸಿಗೆ ರಜೆಯ ಮೂರೋ ನಾಲ್ಕೋ ವಾರಗಳನ್ನು ಹೊರದೇಶದ ಪಾಠಕ್ಕೆ ಮೀಸಲಿಡುವ ಪದ್ಧತಿಯೊಂದಿದೆ. ಕಾಲೇಜಿನ ಉಪಾಧ್ಯಾಯರೇ ಹತ್ತು ಹದಿನೈದು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೊರಡುತ್ತಾರೆ. ಮಕ್ಕಳನ್ನು ಅಲ್ಲಿಯ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿ ತಾವು ಹಿಂದಿರುಗುವ ಕ್ರಮವಿಲ್ಲ. ಜತೆಗಿದ್ದು ಕಲಿಸುತ್ತಾರೆ, ಪರೀಕ್ಷೆಯನ್ನೂ ತಾವೇ ನಡೆಸುತ್ತಾರೆ, ಅಂಕಗಳು ಪದವಿಯ ಲೆಕ್ಕಕ್ಕೆ ಸೇರುತ್ತವೆ. ಹೀಗೆ ಹೋಗುವ ಪಾಠಗಳಲ್ಲಿ ‘ರಸಾಯನಶಾಸ್ತ್ರ ಮತ್ತು ಸುಸ್ಥಿರತೆ’ ಎಂಬುದೂ ಒಂದು. ನಮ್ಮ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತು, ಈಗ ತಂದೆತಾಯಿಯೊಂದಿಗೆ ಅಮೆರಿಕದಲ್ಲಿರುವ ಹುಡುಗಿಯೊಬ್ಬಳು ಅಂಥ ಪಾಠಕ್ಕೆ ಜರ್ಮನಿಗೆ ಹೋಗಿದ್ದಳು. ಊರಿಗೆ ಬಂದಾಗ ತನ್ನ ಟಿಪ್ಪಣಿ ಪುಸ್ತಕವನ್ನು ನಮಗೆ ಓದಲು ಕೊಟ್ಟಳು. ಎರಡು ರಾತ್ರಿ ಕುಳಿತು ಓದಿದೆವು.

ಕೃಷಿಯ ಪುಟಕ್ಕೂ ಇದಕ್ಕೂ ಏನು ಸಂಬಂಧ ಎಂದು ವಾಚಕರು ಕೇಳಬಹುದು. ಆ ಪುಸ್ತಕದ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ಇದ್ದುದು ಗೊಬ್ಬರದ ಚೀಲ, ಬಾವಿಯ ನೀರು, ಬೆಳೆಗೆ ಬಿಡುವ ಮದ್ದು. ನಾವು ದಿನವೂ ಕೈಯಲ್ಲಿ ಹಿಡಿಯುವ ವಸ್ತುಗಳೇ ಅವು.

ಉಪಾಧ್ಯಾಯರ ಜತೆ ಹೊರದೇಶಕ್ಕೆ ಹೋಗಿ ಕಲಿಯುವುದು ಅಮೆರಿಕದವರಿಗೆ ಹೊಸತಲ್ಲ. 1923ರಲ್ಲಿ ಡೆಲವೇರ್ ವಿಶ್ವವಿದ್ಯಾಲಯದ ರೇಮಂಡ್ ಕರ್ಕ್‌ಬ್ರೈಡ್ ಎಂಬ ಪ್ರೊಫೆಸರರು ಎಂಟು ಮಂದಿ ವಿದ್ಯಾರ್ಥಿಗಳೊಂದಿಗೆ ಹಡಗು ಹತ್ತಿ ಫ್ರಾನ್ಸಿಗೆ ಹೋದರು. ಈ ಬಗೆಯ ವ್ಯವಸ್ಥಿತ ಪ್ರವಾಸಪಾಠದ ಮೊದಲೆಂದು ಅದನ್ನು ಹೇಳುತ್ತಾರೆ. ರಸಾಯನಶಾಸ್ತ್ರದ ಮಟ್ಟಿಗಾದರೆ ಪದ್ಧತಿ ಇನ್ನೂ ಹಳೆಯದು. ಜರ್ಮನಿಯ ಯುಸ್ಟುಸ್ ಲೀಬಿಗ್ ತಾನೇ ಪ್ಯಾರಿಸಿಗೆ ಹೋಗಿ ಗೇ-ಲುಸ್ಸಾಕರ ಪ್ರಯೋಗಶಾಲೆಯಲ್ಲಿ ಕಲಿತು, 1824ರಲ್ಲಿ ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಗೀಸೆನ್ ಎಂಬ ಸಣ್ಣ ಪಟ್ಟಣದಲ್ಲಿ ಪ್ರಾಧ್ಯಾಪಕನಾದ. ಸಿಪಾಯಿಗಳ ಪಹರೆಯ ಕಟ್ಟಡವೊಂದರಲ್ಲಿ ಅವನ ಪ್ರಯೋಗಶಾಲೆ ನಡೆಯಿತು. ಗುರು ಮಾಡುವುದನ್ನು ದೂರದಿಂದ ನೋಡುವ ರೂಢಿಯನ್ನು ಬಿಡಿಸಿ, ಒಬ್ಬೊಬ್ಬ ವಿದ್ಯಾರ್ಥಿಯೂ ತನ್ನ ಕೈಯಿಂದಲೇ ತೂಗಿ, ಸುಟ್ಟು, ಸೋಸಿ ಕಲಿಯುವಂತೆ ಅವನು ಮಾಡಿದ. ಗಿಡ ಮಣ್ಣಿನಿಂದ ತೆಗೆದ ಖನಿಜಗಳನ್ನು ಮಣ್ಣಿಗೆ ಹಿಂದೆ ಕೊಡಬೇಕು ಎಂದು 1840ರ ತನ್ನ ಗ್ರಂಥದಲ್ಲಿ ಬೇಸಾಯಗಾರರಿಗೆ ಬೋಧಿಸಿದ. ಆ ಕಟ್ಟಡ 1920ರಿಂದ ವಸ್ತುಸಂಗ್ರಹಾಲಯವಾಗಿದೆ. ಹುಡುಗಿಯ ಪಾಠ ಮೊದಲಾದುದು ಅಲ್ಲಿಯೇ.

ಈ ಲೀಬಿಗನ ಕೆಳಗೆ ಕಲಿತ ಅಮೆರಿಕದ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ದೇಶಕ್ಕೆ ಮರಳಿ ವರುಷಗಟ್ಟಲೆ ಹೋರಾಡಿದುದರ ಫಲವಾಗಿ 1875ರಲ್ಲಿ ಕನೆಕ್ಟಿಕಟ್ ಸಂಸ್ಥಾನದಲ್ಲಿ ಆ ದೇಶದ ಮೊದಲ ಕೃಷಿ ಪ್ರಯೋಗಕೇಂದ್ರ ನಿಂತಿತು. ಗೊಬ್ಬರದ ಹೆಸರಿನಲ್ಲಿ ಮಣ್ಣು ಮಾರುವವರನ್ನು ಹಿಡಿಯುವುದು ಅದರ ಮೊದಲ ಕೆಲಸಗಳಲ್ಲೊಂದು. ನಮ್ಮ ಕಡೆಗೂ ಇಂಥ ಉಪಕಾರ ಬಂದಿದೆ. ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಜರ್ಮನಿಯ ಗಟಿಂಗೆನ್‌ನಲ್ಲಿ ಓದಿ, 1908ರಲ್ಲಿ ಮೈಸೂರು ಸರಕಾರದ ಕೆಲಸಕ್ಕೆ ಬಂದು, ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಅದಕ್ಕೆ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದವರು. ನಾವು ಮಹಾಳಿ ಎಂದು ಕರೆಯುವ ಆ ರೋಗಕ್ಕೆ ಮಳೆಗಾಲದಲ್ಲಿ ಬಿಡುವ ಮದ್ದು ಇಂದಿಗೂ ಅದೇ.

ಗೀಸೆನ್‌ನಿಂದ ತೆಂಕಲಾಗಿ ಬಾಸೆಲ್ ಪಟ್ಟಣದವರೆಗೆ ದೂರ ಹೆಚ್ಚು ಕಡಿಮೆ ಕಾಸರಗೋಡಿನಿಂದ ಬೆಂಗಳೂರಿಗಿರುವಷ್ಟು. ರೈನ್ ನದಿಯ ಈ ಒಂದು ತುಂಡಿನಲ್ಲಿ ರಸಾಯನಶಾಸ್ತ್ರದ ಉಪಕಾರ ಅಪಕಾರಗಳೆರಡೂ ಸಾಲಾಗಿ ನಿಂತಿವೆ. “ಮಾಷ್ಟ್ರೇ, ಎಲ್ಲಿಗೆ ಹೋದರೂ ನಮಗೆ ಎರಡೇ ಪ್ರಶ್ನೆ. ಇದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು?” ಎಂದಳು ಹುಡುಗಿ.

ಕಾರ್ಲ್ಸ್‌ರೂಹೆ ಎಂಬಲ್ಲಿ 1909ರ ಜುಲೈಯಲ್ಲಿ ಫ್ರಿಟ್ಜ್ ಹಾಬರ್ ಗಾಳಿಯ ಸಾರಜನಕವನ್ನು ಜಲಜನಕದೊಂದಿಗೆ ಕೂಡಿಸಿ ಅಮೋನಿಯದ ಹನಿಗಳನ್ನು ಇಳಿಸಿ ತೋರಿಸಿದ. ನಮ್ಮ ತಲೆಯ ಮೇಲಿರುವ ಗಾಳಿಯಲ್ಲಿ ಐದರಲ್ಲಿ ಸುಮಾರು ನಾಲ್ಕು ಪಾಲು ಸಾರಜನಕವೇ. ಆದರೆ ಅದನ್ನು ಗಿಡ ನೇರವಾಗಿ ಉಣ್ಣಲಾರದು. ಹುರುಳಿ, ಅಲಸಂಡೆಯ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಸದ್ದಿಲ್ಲದೆ ಮಾಡುವ ಕೆಲಸಕ್ಕೆ ಮನುಷ್ಯನಿಗೆ ನೂರಾರು ಡಿಗ್ರಿ ಕಾವೂ ನೂರಾರು ಪಟ್ಟು ಗಾಳಿಯ ಒತ್ತಡವೂ ಬೇಕಾಯಿತು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಗಾತ್ರಕ್ಕೆ ಬೆಳೆಸಿದ. 1913ರಲ್ಲಿ ರೈನ್ ದಂಡೆಯ ಓಪ್ಪಾವ್ ಎಂಬಲ್ಲಿ ಅಮೋನಿಯದ ಮೊದಲ ಕಾರ್ಖಾನೆ ತೊಡಗಿತು. ಇಂದು ಲೋಕದ ಹೆಚ್ಚು ಕಡಿಮೆ ಅರ್ಧದಷ್ಟು ಜನರ ಅನ್ನ ಈ ಸಾರಜನಕವನ್ನು ನಂಬಿದೆ ಎಂದು ತಿಳಿದವರ ಅಂದಾಜು. ರಾಸಾಯನಿಕವೆಂದರೆ ವಿಷವೆಂದು ಒಂದೇ ಮಾತಿನಲ್ಲಿ ಮುಗಿಸುವವರು ಈ ಲೆಕ್ಕಕ್ಕೂ ಉತ್ತರ ಕೊಡಬೇಕಾಗುತ್ತದೆ. ನಾವು ಆ ಗುಂಪಿನವರಲ್ಲ.

ಆದರೆ ಅದೇ ಅಮೋನಿಯದಿಂದ ಸಿಡಿಮದ್ದೂ ಆಗುತ್ತದೆ. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಮದ್ದುಗುಂಡು ಒದಗಿದುದು ಈ ದಾರಿಯಿಂದ. ಅನ್ನದ ದಾರಿ ತೆರೆದ ಹಾಬರನೇ 1915ರಲ್ಲಿ ಈಪ್ರ್ ರಣರಂಗದಲ್ಲಿ ಕ್ಲೋರಿನ್ ವಿಷವಾಯು ಬಿಡಿಸಿದವನು. ಇನ್ನು ಓಪ್ಪಾವ್‌ನಲ್ಲಿ 1921ರ ಸೆಪ್ಟೆಂಬರ್ 21ರಂದು ನಡೆದುದನ್ನು ಗೊಬ್ಬರ ದಾಸ್ತಾನು ಮಾಡುವ ಪ್ರತಿಯೊಬ್ಬನೂ ಕೇಳಿರಬೇಕು. ಉಗ್ರಾಣದಲ್ಲಿ 4,500 ಟನ್ನಿನಷ್ಟು ಗೊಬ್ಬರ, ಅಮೋನಿಯಂ ಸಲ್ಫೇಟು ಮತ್ತು ನೈಟ್ರೇಟುಗಳ ಮಿಶ್ರಣ, ರಾಶಿ ಬಿದ್ದಿತ್ತು. ತೇವ ಹೀರಿ ಕಲ್ಲಿನಂತೆ ಗಟ್ಟಿಯಾಗಿತ್ತು. ಅದನ್ನು ಸಡಿಲಿಸಲು ಸಣ್ಣ ಸಣ್ಣ ಸಿಡಿಮದ್ದು ಇಡುವುದು ಅಲ್ಲಿಯ ವಾಡಿಕೆ. ಸಾವಿರಾರು ಬಾರಿ ಹಾಗೆ ಮಾಡಿ ಏನೂ ಆಗಿರಲಿಲ್ಲ. ಅಂದು ಬೆಳಿಗ್ಗೆ ರಾಶಿಯ ಒಂದು ಪಾಲು ಸಿಡಿಯಿತು. ಐನೂರಕ್ಕೂ ಹೆಚ್ಚು ಜನ ಸತ್ತರು. ಊರಿನ ಮನೆಗಳಲ್ಲಿ ಹೆಚ್ಚಿನವು ನೆಲಸಮವಾದವು. ಮಳೆಗಾಲದಲ್ಲಿ ಗಟ್ಟಿಯಾದ ಯೂರಿಯದ ಚೀಲವನ್ನು ನಾವು ಒನಕೆಯಿಂದ ಕುಟ್ಟುವುದುಂಟು. ಯೂರಿಯ ಆ ಜಾತಿಯದಲ್ಲ, ಹೆದರಬೇಕಾಗಿಲ್ಲ.

ಚೀಲದ ಗೊಬ್ಬರ ಎಲ್ಲಿಗೆ ಹೋಯಿತು ಎಂಬ ಎರಡನೆಯ ಪ್ರಶ್ನೆಗೆ ಉತ್ತರ ಬಾವಿಯಲ್ಲಿದೆ. ಗಿಡ ಹೀರದೆ ಉಳಿದ ಸಾರಜನಕ ನೈಟ್ರೇಟಾಗಿ ಮಳೆನೀರಿನೊಂದಿಗೆ ಕೆಳಗಿಳಿಯುತ್ತದೆ. ರಾಸಾಯನಿಕ ಗೊಬ್ಬರ ಮಾತ್ರ ಕಾರಣವೆಂದು ತಿಳಿಯಬಾರದು; ಮಿತಿಮೀರಿ ಹಾಕಿದ ಹಟ್ಟಿಗೊಬ್ಬರವೂ ಹಾಗೆಯೇ ಇಳಿಯುತ್ತದೆ. ಜರ್ಮನಿಯಲ್ಲಿ ಹಂದಿ ದನಗಳ ಗೊಬ್ಬರದ್ದೂ ದೊಡ್ಡ ಪಾಲು. ಯುರೋಪಿನ ದೇಶಗಳು 1991ರಲ್ಲಿಯೇ ಇದರ ಬಗ್ಗೆ ಕಾನೂನು ಮಾಡಿದವು. ಆದರೂ ಅಂತರ್ಜಲವನ್ನು ಕಾಪಾಡಲು ತಕ್ಕ ಕ್ರಮ ಕೈಗೊಂಡಿಲ್ಲವೆಂದು 2018ರಲ್ಲಿ ಯುರೋಪಿನ ನ್ಯಾಯಾಲಯ ಜರ್ಮನಿಯ ವಿರುದ್ಧ ತೀರ್ಪಿತ್ತಿತು; 2020ರಲ್ಲಿ ಆ ದೇಶ ಗೊಬ್ಬರದ ನಿಯಮವನ್ನು ಬಿಗಿಗೊಳಿಸಿತು. ರೈತರು ಟ್ರ್ಯಾಕ್ಟರುಗಳೊಂದಿಗೆ ಬೀದಿಗಿಳಿದು ಪ್ರತಿಭಟಿಸಿದರು. ಲೀಬಿಗನ ದೇಶದಲ್ಲಿಯೇ ಇಷ್ಟು ಕಷ್ಟವಾದರೆ ಗೊಬ್ಬರದ ಲೆಕ್ಕ ಸುಲಭದ್ದಲ್ಲವೆಂದು ತಿಳಿಯಬೇಕು. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟು.

ಆ ಟಿಪ್ಪಣಿ ಪುಸ್ತಕದಲ್ಲಿ ನಮಗೆ ಎಲ್ಲಕ್ಕಿಂತ ಹಿಡಿಸಿದುದು ಫ್ರೈಬುರ್ಗ್ ಪಟ್ಟಣದ ಹತ್ತಿರದ ಕೈಸರ್‌ಸ್ಟೂಲ್ ಎಂಬ ದ್ರಾಕ್ಷಿ ಬೆಟ್ಟಗಳ ಭಾಗ. ಅಲ್ಲಿಯ ವ್ಯೂಲ್ ಎಂಬ ಹಳ್ಳಿಯಲ್ಲಿ ಅಣು ವಿದ್ಯುತ್ ಸ್ಥಾವರ ಕಟ್ಟಲು ಹೊರಟಾಗ, 1975ರ ಫೆಬ್ರವರಿಯಲ್ಲಿ ದ್ರಾಕ್ಷಿ ಬೆಳೆಗಾರರೂ ರೈತರೂ ಆ ನೆಲದಲ್ಲಿ ಹೋಗಿ ಕುಳಿತರು. ಸ್ಥಾವರದ ಗೋಪುರಗಳಿಂದೇಳುವ ಹಬೆ ಮಂಜಾಗಿ ದ್ರಾಕ್ಷಿಗೆ ಬಿಸಿಲು ತಪ್ಪುವುದೆಂಬ ಭಯ ಅವರದು. ಫ್ರೈಬುರ್ಗಿನ ವಿದ್ಯಾವಂತರು ಆಮೇಲೆ ಸೇರಿಕೊಂಡರು. ಸ್ಥಾವರ ಏಳಲಿಲ್ಲ. ಸುಸ್ಥಿರತೆ ಎಂಬುದು ಪಟ್ಟಣದವರು ಹಳ್ಳಿಗರಿಗೆ ಕಲಿಸುವ ವಿಷಯ ಎಂದು ಭಾವಿಸುವವರಿಗೆ ಈ ಕಥೆಯನ್ನು ಹೇಳಬೇಕು. ಆ ಶಬ್ದವೂ ನೆಲದವರದೇ: 1713ರಲ್ಲಿ ಸಾಕ್ಸನಿಯ ಗಣಿ ಅಧಿಕಾರಿ ಕಾರ್ಲೋವಿಟ್ಸ್, ಕಾಡು ಬೆಳೆದಷ್ಟನ್ನೇ ಕಡಿಯಬೇಕು ಎಂದು ಬರೆಯುವಾಗ ಅದರ ಜರ್ಮನ್ ರೂಪವನ್ನು ಬಳಸಿದ.

ದ್ರಾಕ್ಷಿ ಬೆಟ್ಟದಲ್ಲಿ ಹುಡುಗಿ ಕಂಡ ಇನ್ನೊಂದು ವಸ್ತು ಮೈಲುತುತ್ತು. ನಮ್ಮ ಬೋರ್ಡೋ ದ್ರಾವಣ ಹುಟ್ಟಿದುದು ದ್ರಾಕ್ಷಿಗಾಗಿ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕದಿಯದಂತೆ ರಸ್ತೆ ಬದಿಯ ಬಳ್ಳಿಗಳಿಗೆ ತಾಮ್ರದ ನೀಲಿ ನೀರು ಚಿಮುಕಿಸುತ್ತಿದ್ದರು. ಬೂಜು ರೋಗ ಬಂದಾಗ ಆ ಬಳ್ಳಿಗಳ ಎಲೆ ಮಾತ್ರ ಉಳಿದುದನ್ನು ಮಿಲಾರ್ದೆ ಎಂಬ ಸಸ್ಯಶಾಸ್ತ್ರಜ್ಞ ಗಮನಿಸಿ, 1885ರಲ್ಲಿ ಮದ್ದಿನ ಪಾಕವನ್ನು ಪ್ರಕಟಿಸಿದ. ಅಲ್ಲಿಂದೀಚೆಗೆ ಬಿಟ್ಟ ತಾಮ್ರವೆಲ್ಲ ಎಲ್ಲಿಗೆ ಹೋಯಿತು? ಸಾರಜನಕದಂತೆ ಅದು ಹಾರುವುದಿಲ್ಲ, ಬೇಗ ಇಳಿದೂ ಹೋಗುವುದಿಲ್ಲ. ಮೇಲ್ಮಣ್ಣಿನಲ್ಲಿಯೇ ಕೂಡಿಡುತ್ತದೆ. ಗಿಡಕ್ಕೆ ಕೊಂಚ ತಾಮ್ರ ಬೇಕು. ಹೆಚ್ಚಾದರೆ ಎರೆಹುಳುವಿಗೂ ಮಣ್ಣಿನ ಸೂಕ್ಷ್ಮಜೀವಿಗಳಿಗೂ ಕೆಡುಕು. ಆದುದರಿಂದ ಯುರೋಪಿನಲ್ಲಿ 2019ರಿಂದ ಒಂದು ಹೆಕ್ಟೇರಿಗೆ ಏಳು ವರುಷಗಳಲ್ಲಿ ಒಟ್ಟು 28 ಕಿಲೋಗಿಂತ ಹೆಚ್ಚು ತಾಮ್ರ ಬಿಡಬಾರದೆಂದು ಮಿತಿ ಹಾಕಿದ್ದಾರೆ. ಸಾವಯವ ತೋಟಗಳಿಗೂ ಈ ಮಿತಿಯಿದೆ.

ಇದನ್ನು ನಮ್ಮ ಅಳತೆಗೆ ಇಳಿಸೋಣ. ಮೈಲುತುತ್ತಿನ ತೂಕದಲ್ಲಿ ಸುಮಾರು ಕಾಲು ಪಾಲು ತಾಮ್ರ. ಆ ಮಿತಿಯನ್ನು ಎಕರೆಗೂ ವರುಷಕ್ಕೂ ಹಂಚಿದರೆ 1.6 ಕಿಲೋ ತಾಮ್ರ, ಅಂದರೆ ಸುಮಾರು ಆರೂಕಾಲು ಕಿಲೋ ಮೈಲುತುತ್ತು. ಶೇಕಡಾ ಒಂದರ ಪಾಕದಲ್ಲಿ 100 ಲೀಟರಿಗೆ ಒಂದು ಕಿಲೋ ಮೈಲುತುತ್ತು ಹಾಕುತ್ತೇವೆ. ಹಾಗಾದರೆ ವರುಷಕ್ಕೆ ಎಕರೆಗೆ 600 ಲೀಟರಿನ ಚಿಲ್ಲರೆ ದ್ರಾವಣಕ್ಕೆ ಅವರ ಮಿತಿ ಮುಟ್ಟಿತು. ಮಳೆ ಬಿಡದೆ ಸುರಿದ ವರುಷ ಮೂರನೆಯ ಬಾರಿ, ನಾಲ್ಕನೆಯ ಬಾರಿ ಮದ್ದು ಬಿಟ್ಟವರು ತಮ್ಮ ತಮ್ಮ ಲೆಕ್ಕವನ್ನು ಹಾಕಿ ನೋಡಲಿ. ಆ ಕಾನೂನು ನಮ್ಮ ದೇಶದ್ದಲ್ಲ. ನಮ್ಮಲ್ಲಿ ಬೀಳುವ ಮಳೆ ಅವರಲ್ಲಿಲ್ಲ. ಮಹಾಳಿ ಹಿಡಿದ ತೋಟದವನಿಗೆ ಮದ್ದು ಬಿಡಬೇಡ ಎನ್ನುವುದು ಅನ್ಯಾಯ. ಆದರೆ ನಮ್ಮ ಮುರಕಲ್ಲಿನ ನೆಲ ಹುಳಿಯದು, ಹುಳಿ ಮಣ್ಣಿನಲ್ಲಿ ತಾಮ್ರ ಹೆಚ್ಚು ಚುರುಕಾಗುತ್ತದೆ. ಅಜ್ಜನ ಕಾಲದಿಂದ ಮದ್ದು ಬಿಟ್ಟುಕೊಂಡು ಬಂದ ತೋಟಗಳು ನಮ್ಮಲ್ಲಿ ಬೇಕಾದಷ್ಟಿವೆ.

ಬಾಸೆಲ್ ಪಟ್ಟಣದ ಮಗ್ಗುಲಲ್ಲಿ 1986ರ ನವೆಂಬರ್ 1ರಂದು ರಾಸಾಯನಿಕಗಳ ಉಗ್ರಾಣಕ್ಕೆ ಬೆಂಕಿ ಬಿತ್ತು. ಬೆಂಕಿ ನಂದಿಸಲು ಹೊಯ್ದ ನೀರೇ ಕೀಟನಾಶಕಗಳನ್ನು ತೊಳೆದುಕೊಂಡು ಹೊಳೆಗೆ ಹರಿಯಿತು. ರೈನ್ ಕೆಂಪಾಯಿತು, ನೂರಾರು ಕಿಲೋಮೀಟರು ಕೆಳಗಿನವರೆಗೂ ಹಾವುಮೀನುಗಳು ಸತ್ತು ತೇಲಿದವು. ಮರುವರುಷ ಹೊಳೆಯ ದಂಡೆಯ ದೇಶಗಳೆಲ್ಲ ಕೂಡಿ ಅದನ್ನು ಶುದ್ಧಗೊಳಿಸುವ ಕಾರ್ಯಕ್ರಮ ಹಾಕಿಕೊಂಡವು. ಹೊಲಸಾದ ಮೇಲೆ ತೊಳೆಯುವುದಕ್ಕಿಂತ ಹೊಲಸು ಹುಟ್ಟದಂತೆಯೇ ವಸ್ತುವನ್ನು ತಯಾರಿಸಬೇಕು ಎಂಬುದು 1998ರಲ್ಲಿ ಅಮೆರಿಕದ ಅನಸ್ಟಾಸ್ ಮತ್ತು ವಾರ್ನರ್ ಹೇಳಿದ ಹಸುರು ರಸಾಯನಶಾಸ್ತ್ರದ ಹನ್ನೆರಡು ಸೂತ್ರಗಳಲ್ಲಿ ಮೊದಲನೆಯದು. ಹೊಳೆಯ ದಂಡೆಯಲ್ಲಿ ನಿಂತು ಅದನ್ನು ಓದಿದವನಿಗೆ ಬಾಯಿಪಾಠ ಮಾಡುವ ಅಗತ್ಯ ಬೀಳದು.

ಇಲ್ಲಿ ಹುಡುಗಿ ಹೇಳಿದ ಒಂದು ಸಂಗತಿ ನಮ್ಮ ಮನಸ್ಸಿನಿಂದ ಹೋಗುವುದಿಲ್ಲ. ಹೊರಡುವ ಮೊದಲು ಓದಬೇಕಾದ ಲೇಖನಗಳಲ್ಲಿ ಒಂದು ಕಾಸರಗೋಡಿನ ಎಂಡೋಸಲ್ಫಾನಿನ ಬಗ್ಗೆ ಇತ್ತಂತೆ. ಎಣ್ಮಕಜೆ, ಪಡ್ರೆ, ಸ್ವರ್ಗ. ಅಮೆರಿಕದ ತರಗತಿಯಲ್ಲಿ ನಮ್ಮ ಊರುಗಳ ಹೆಸರು. 1970ರ ದಶಕದ ಕೊನೆಯಿಂದ 2000ದವರೆಗೆ ಗುಡ್ಡಗಳ ಮೇಲಿನ ಸರಕಾರಿ ಗೇರು ತೋಟಗಳಿಗೆ ಆಕಾಶದಿಂದ ಸಿಂಪಡಿಸಿದ ಆ ವಿಷದ ಕಥೆಯನ್ನು, ಆ ಮನೆಗಳ ಮಕ್ಕಳ ಸ್ಥಿತಿಯನ್ನು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ. 2011ರಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆ ಅದನ್ನು ಲೋಕದಿಂದ ತೊಲಗಿಸಲು ತೀರ್ಮಾನಿಸಿತು. ಅದೇ ವರುಷ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ತಡೆ ಹಾಕಿತು. ಬಾಧಿತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು 2017ರಲ್ಲಿ ಕೇರಳ ಸರಕಾರಕ್ಕೆ ಆಜ್ಞೆ ಮಾಡಿತು. ಅದು ನಮ್ಮ ಪಕ್ಕದ ಊರು ಎಂದು ಹುಡುಗಿ ಹೇಳಿದಾಗ ಎಲ್ಲರೂ ಅವಳ ಕಡೆಗೆ ತಿರುಗಿದರಂತೆ. ಆ ವಸ್ತು ಮಣ್ಣಿಗೆ ಬಿದ್ದು ಯಾವುದಾಗಿ ಮಾರ್ಪಡುತ್ತದೆ, ಎಷ್ಟು ಕಾಲ ಉಳಿಯುತ್ತದೆ ಎಂದು ಕೇಳಿದರಂತೆ. ಮಲಗಿದಲ್ಲಿಯೇ ಬೆಳೆದ ಮಕ್ಕಳನ್ನು ಕಣ್ಣಾರೆ ಕಂಡವಳು ಅವಳೊಬ್ಬಳೇ. ಈ ಪ್ರಶ್ನೆಗೆ ಉತ್ತರ ಹೇಳಿದವನು ಗೇರು ಮರವನ್ನು ಕಂಡರಿಯದ ಹುಡುಗ. ಎಂಡೋಸಲ್ಫಾನ್ ಮಣ್ಣಿನಲ್ಲಿ ಎಂಡೋಸಲ್ಫಾನ್ ಸಲ್ಫೇಟಾಗುತ್ತದೆ, ಅದು ಮೂಲ ವಸ್ತುವಿಗಿಂತ ಹೆಚ್ಚು ಕಾಲ ಬಾಳುತ್ತದೆ, ವಿಷಗುಣ ಕಳೆದುಕೊಳ್ಳುವುದಿಲ್ಲ. ಅನುಭವಿಸಿದವರು ನಾವು, ಲೆಕ್ಕ ಬಲ್ಲವರು ಬೇರೆಯವರು.

ಇಂಥ ಪ್ರವಾಸಗಳನ್ನು ಕೊಂಡಾಡುವಾಗ ಕೆಲವು ಮಾತು ಆಡದಿರಲಾಗದು. ಖರ್ಚು ಸಾವಿರಾರು ಡಾಲರು. ಬಡವರ ಮಕ್ಕಳಿಗೆ ಸಹಾಯಧನ ದೊರೆತರೆ ಮಾತ್ರ ಸಾಧ್ಯ. ಅಟ್ಲಾಂಟಿಕ್ ಸಾಗರವನ್ನು ವಿಮಾನದಲ್ಲಿ ದಾಟಿ ಮರಳುವಾಗ ತಲೆಗೆ ಅರ್ಧ ಟನ್ನಿಗಿಂತಲೂ ಹೆಚ್ಚು ಇಂಗಾಲದ ಡಯಾಕ್ಸೈಡು ಹೊಗೆಯಾಗಿ ಹೋಗುತ್ತದೆ. ಸುಸ್ಥಿರತೆ ಕಲಿಯಲು ಹೊರಟವರಿಗೆ ಇದು ಮೊದಲ ಲೆಕ್ಕವಾಗಬೇಕು. ಹುಡುಗಿಯ ಪುಸ್ತಕದ ಮೊದಲ ಪುಟದಲ್ಲಿ ಅದು ಇತ್ತು ಎಂಬುದು ಆ ಉಪಾಧ್ಯಾಯರಿಗೆ ಗೌರವ ತರುವ ಸಂಗತಿ. ಮೂರು ವಾರಗಳಲ್ಲಿ ಯಾರೂ ರಸಾಯನಶಾಸ್ತ್ರಜ್ಞರಾಗುವುದಿಲ್ಲ. ಮೊದಲು ಓದದೆ ಹೋದವರು ಕೋಟೆ ಕೊತ್ತಲಗಳ ಫೋಟೋ ತೆಗೆದು ಮರಳುತ್ತಾರೆ. ಆದರೂ ತಮ್ಮ ಉಪಾಧ್ಯಾಯರೇ ಜತೆಯಲ್ಲಿರುವುದರಿಂದ ಒಂದು ಪ್ರಯೋಜನವುಂಟು: ಹಿಂದಿನ ವರುಷ ಕಪ್ಪು ಹಲಗೆಯಲ್ಲಿ ಬರೆದ ಸಮೀಕರಣವನ್ನು ಅವರು ಕಾರ್ಖಾನೆಯ ಬಾಗಿಲಲ್ಲಿ ಮತ್ತೆ ನೆನಪಿಸಬಲ್ಲರು. ಬಾಡಿಗೆಯ ಮಾರ್ಗದರ್ಶಕನಿಂದ ಅದು ಆಗದು.

ನಮ್ಮ ಮಕ್ಕಳನ್ನು ಜರ್ಮನಿಗೆ ಕಳುಹಿಸುವ ಮಾತು ದೂರವಾಯಿತು. ಆದರೆ ಅದೇ ಎರಡು ಪ್ರಶ್ನೆಗಳನ್ನು ಕೇಳಲು ತಕ್ಕ ಸ್ಥಳಗಳು ನಮಗೆ ಒಂದು ದಿನದ ಬಸ್ಸು ಪ್ರಯಾಣದೊಳಗಿವೆ. ಪಣಂಬೂರಿನ ಗೊಬ್ಬರದ ಕಾರ್ಖಾನೆಯಲ್ಲಿ ನಡೆಯುವುದು ಹಾಬರನ ಕ್ರಿಯೆಯೇ. ಅದಕ್ಕೆ ಬೇಕಾದ ಅನಿಲ ಬರುವ ಕೊಚ್ಚಿ–ಮಂಗಳೂರು ಕೊಳವೆ, 2021ರ ಜನವರಿಯಲ್ಲಿ ಉದ್ಘಾಟನೆಯಾದುದು, ನಮ್ಮ ಜಿಲ್ಲೆಯ ನೆಲದಡಿಯಲ್ಲಿಯೇ ಹಾದುಹೋಗಿದೆ. ಎಷ್ಟೋ ಮಕ್ಕಳ ಮನೆಯ ಗದ್ದೆಯನ್ನು ಅದಕ್ಕಾಗಿ ಅಗೆದುದುಂಟು. 1916ರಲ್ಲಿ ತೆಂಗಿನ ಕೇಂದ್ರವಾಗಿ ಹುಟ್ಟಿದ ಕಾಸರಗೋಡಿನ ತೋಟಬೆಳೆಗಳ ಸಂಶೋಧನಾಲಯ, 1956ರಿಂದ ನಡೆಯುತ್ತಿರುವ ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರ, ಆಮೇಲೆ ಪಡ್ರೆಯ ಗೇರುಗುಡ್ಡ. ನಾಲ್ಕು ದಿನ, ನಾಲ್ಕು ಸ್ಥಳ. ಹೈಸ್ಕೂಲಿನ ಉಪಾಧ್ಯಾಯರು ಒಂದು ವಾರ ಮೊದಲು ಪಾಠ ಮಾಡಿ, ಮಕ್ಕಳ ಕೈಗೆ ಟಿಪ್ಪಣಿ ಪುಸ್ತಕ ಕೊಟ್ಟು ಹೊರಟರೆ ಸಾಕು. ಮೋಜಿನ ಪ್ರವಾಸಕ್ಕೆ ಹೊಂದಿಸುವ ಹಣದಲ್ಲಿಯೇ ಇದು ಮುಗಿಯುತ್ತದೆ.

ತೋಟವಿದ್ದವರ ಮಕ್ಕಳಿಗೆ ಅಷ್ಟು ದೂರವೂ ಬೇಡ. ಬೋರ್ಡೋ ಪಾಕ ಸರಿಯಾಗಿದೆಯೇ ಎಂದು ನೋಡಲು ಹಿರಿಯರು ಉಜ್ಜಿ ತೊಳೆದ ಕತ್ತಿಯ ಅಲಗನ್ನು ಅದರಲ್ಲಿ ಅದ್ದುತ್ತಾರೆ. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಕಬ್ಬಿಣ ಕರಗಿ ತನ್ನ ಜಾಗವನ್ನು ತಾಮ್ರಕ್ಕೆ ಬಿಟ್ಟುಕೊಟ್ಟಿದೆ. ಪಾಠಪುಸ್ತಕದ ಪಲ್ಲಟ ಕ್ರಿಯೆ ಇದೇ ಎಂದು ಹೇಳಿಕೊಟ್ಟರೆ ಹುಡುಗರು ಮರೆಯುವುದಿಲ್ಲ.

ಮಣ್ಣಿನ ಪರೀಕ್ಷೆಗೆ ಕೊಡುವವರು ಒಂದನ್ನು ಗಮನಿಸಬೇಕು. ಮಾಮೂಲು ಪರೀಕ್ಷೆಯಲ್ಲಿ ಹುಳಿ, ಸಾವಯವ ಇಂಗಾಲ, ರಂಜಕ, ಪೊಟ್ಯಾಷು ಇವುಗಳನ್ನು ನೋಡುತ್ತಾರೆ. ತಾಮ್ರ ಬೇಕೆಂದಿದ್ದರೆ ಸೂಕ್ಷ್ಮ ಪೋಷಕಾಂಶಗಳ ಪರೀಕ್ಷೆ ಎಂದು ಪ್ರತ್ಯೇಕವಾಗಿ ಬರೆದು ಕೊಡಬೇಕು. ತೋಟದ ಹತ್ತು ಹನ್ನೆರಡು ಕಡೆಗಳಿಂದ ಮೇಲಿನ ಒಂದು ಗೇಣು ಮಣ್ಣನ್ನು ತೆಗೆದು ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅದರಲ್ಲಿ ಅರ್ಧ ಕಿಲೋದಷ್ಟನ್ನು ಕೊಟ್ಟರಾಯಿತು. ಮದ್ದು ಬಿಟ್ಟ ಹೊಸತಿನಲ್ಲಿ ಬೇಡ. ಮಳೆ ಕಳೆದ ಮೇಲೆ, ಗೊಬ್ಬರ ಹಾಕುವ ಮೊದಲು ತೆಗೆಯುವುದು ಒಳ್ಳೆಯದು. ಮಣ್ಣನ್ನು ತುಂಬಲು ಮೈಲುತುತ್ತಿನ ಖಾಲಿ ಚೀಲವನ್ನು ಬಳಸಬಾರದು.